ಕೊರಳಿನಿಂದ ಕರಸ್ಥಲಕ್ಕೆ

ಮಾನವ ಜೀವಿತವನ್ನು ಬಾಲ್ಯ, ಯೌವನ, ವಾರ್ಧಕ್ಯಗಳೆಂದು ಮೂರಾಗಿ ವಿಭಾಗಿಸಿ, ಒಂದೊಂದು ಅವಸ್ಥೆಗೂ ಒಂದೊಂದು ಲಕ್ಷಣವನ್ನು ಹೇಳುವುದು ನಮ್ಮ ಹಿರಿಯರಲ್ಲಿ ರೂಢಿಯಾಗಿ ಬಂದಿದೆ. ಬಾಲ್ಯಕ್ಕೆ ಅಜ್ಞಾನ, ಯೌವನಕ್ಕೆ ಮದ, ವಾರ್ಧಕ್ಯಕ್ಕೆ ವಿವೇಕ. ಈ ಹಂಚಿಕೆಯನ್ನು ಮಾಡಿದವರು ಯಾರೆಂದು ವಿಚಾರಿಸಿದರೆ, ಅವರು ವೃದ್ಧರೇ ಆಗಿರಬೇಕೆಂಬುದು ಸುಲಭವಾಗಿ ಹೊಳೆಯುತ್ತದೆ. ಪಾಲು ಮಾಡಿದವನೇ ಒಳ್ಳೆಯ ಪಾಲನ್ನು ಎತ್ತಿಟ್ಟುಕೊಂಡಂತೆ ಇದೆ ಈ ವ್ಯವಸ್ಥೆ. ಎಂಬತ್ತರ ಸಮೀಪಕ್ಕೆ ಬಂದಿರುವ ನಾನೂ ಆ ಪಾಲಿನ ಫಲವನ್ನು ಉಣ್ಣುತ್ತಿರುವವನೇ. ಆದುದರಿಂದ ಅದರ ನ್ಯಾಯಾನ್ಯಾಯಗಳನ್ನು ಕುರಿತು ಭಕ್ತ ಬಂಧುಗಳ ಮುಂದೆ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುವುದು ಅನುಚಿತವಾಗಲಾರದು.

ಇದಕ್ಕೆ ನಿಮಿತ್ತವಾದುದು ನಮ್ಮ ಮನೆಯ ಹಿರಿಯ ಮೊಮ್ಮಗಳಿಗೆ ಹದಿನೆಂಟು ವರ್ಷ ತುಂಬಿದುದು. ಲೌಕಿಕ ಕಾನೂನಿನ ದೃಷ್ಟಿಯಲ್ಲಿ ಆಕೆ ಈಗ ಪ್ರಾಪ್ತವಯಸ್ಕಳು. ಈ ಹದಿನೆಂಟರ ಗೆರೆಯನ್ನು ಎಳೆದುದು 1875ರಲ್ಲಿ, ಆಂಗ್ಲರ ಆಳಿಕೆಯಲ್ಲಿ ಆದ ಕಾಯಿದೆ. ಸ್ವಾತಂತ್ರ್ಯ ಬಂದ ಮೇಲೂ ಮತ ಹಾಕುವ ಅಧಿಕಾರ ಮಾತ್ರ ಇಪ್ಪತ್ತೊಂದಕ್ಕೆ ದೊರೆಯುತ್ತಿದ್ದಿತು. ಸಂವಿಧಾನಕ್ಕೆ 61ನೆಯ ತಿದ್ದುಪಡಿಯಾಗಿ 1989ರಲ್ಲಿ ಅದೂ ಹದಿನೆಂಟಕ್ಕೆ ಇಳಿಯಿತು. 1963ರಲ್ಲಿ ನನಗೆ ಹದಿನೆಂಟು ತುಂಬಿದಾಗ ನಾನು ಹೊಲದ ಖರೀದಿಪತ್ರಕ್ಕೆ ರುಜು ಹಾಕಬಹುದಾಗಿತ್ತು, ಮತ ಹಾಕುವಂತಿರಲಿಲ್ಲ. ಮೊಮ್ಮಗಳಿಗೆ ಎರಡೂ ಒಟ್ಟಿಗೆ ದೊರೆತವು. ಸರಕಾರಕ್ಕೆ ಎಲ್ಲಿಯಾದರೂ ಒಂದು ಗೆರೆ ಬೇಕು, ಅದನ್ನು ಅದು ಎಳೆದುಕೊಂಡಿದೆ, ಆಕ್ಷೇಪಿಸುವಂತಹದೇನೂ ಇಲ್ಲ. ಆದರೆ ನಮ್ಮ ಧರ್ಮದ ದೃಷ್ಟಿಯಲ್ಲಿ ಒಬ್ಬರು ದೊಡ್ಡವರಾಗುವುದು ಯಾವಾಗ?

ವಿಚಾರ ಮಾಡಿ ನೋಡಿದರೆ ಇದು ಬಹು ಸೂಕ್ಷ್ಮವಾದ ಪ್ರಶ್ನೆ. ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗಧಾರಣೆ ಆಗುತ್ತದೆ. ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ. ತಾಯಿಯ ಮುಖವನ್ನೂ ಗುರುತಿಸಲರಿಯದ ಶಿಶುವಿಗೆ, ಬಾಳಿನ ಕೊನೆಗೆ ಸಿಕ್ಕಬೇಕಾದುದನ್ನು ಮೊದಲಿಗೇ ಕೊಟ್ಟುಬಿಡುತ್ತೇವೆ. ಮುಂದೆ ತಿಳಿವಳಿಕೆ ಬಂದ ಮೇಲೆ ದೀಕ್ಷೆಯಾಗುವುದುಂಟು. ಆಗಲೂ ದಿನ ಗೊತ್ತು ಮಾಡುವವರು ತಂದೆತಾಯಿಗಳು, ಕ್ರಿಯೆ ನಡೆಸುವವರು ಗುರುಗಳು, ಉಂಡು ಹರಸಿ ಹೋಗುವವರು ಬಂಧುಗಳು. ಲಿಂಗವನ್ನು ಕೊರಳಿಗೆ ಕಟ್ಟಿದವರು ಬೇರೆಯವರು, ಬೆಳ್ಳಿಯ ಕರಡಿಗೆಯನ್ನು ಮಾಡಿಸಿದವರು ಬೇರೆಯವರು, ಶಿವದಾರವನ್ನು ಹೊಸೆದವರು ಬೇರೆಯವರು. ಆದರೆ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು, ಅದರಲ್ಲಿ ದೃಷ್ಟಿಯನ್ನು ನಿಲ್ಲಿಸುವ ಆ ಕ್ಷಣದಲ್ಲಿ ಬೇರೆಯವರು ಯಾರೂ ಇರುವುದಿಲ್ಲ. ಕೊರಳಿನಿಂದ ಕರಸ್ಥಲಕ್ಕೆ ಇರುವ ಅಂತರ ಒಂದು ಮೊಳವೂ ಆಗಲಿಕ್ಕಿಲ್ಲ. ಆ ಅಂತರವನ್ನು ತಾನಾಗಿ ಕ್ರಮಿಸಿದ ದಿನವೇ ಲಿಂಗವಂತನು ದೊಡ್ಡವನಾದ ದಿನವೆಂದು ನನ್ನ ಭಾವನೆ. ಅದು ಹನ್ನೆರಡರಲ್ಲಿಯೂ ಆಗಬಹುದು. ಅರವತ್ತಾದರೂ ಆಗದೆ ಉಳಿಯಬಹುದು. ಕೊರಳಿನಲ್ಲಿ ಕಟ್ಟಿದುದನ್ನು ಕೊರಳಿನಲ್ಲಿಯೇ ಇರಿಸಿಕೊಂಡು ಸಾಗಿಹೋದ ಸಂಭಾವಿತರು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ.

ಮೊಮ್ಮಗಳು ಇಂಜಿನಿಯರಿಂಗ್ ವಿದ್ಯಾಭ್ಯಾಸಕ್ಕಾಗಿ ಬೆಂಗಳೂರಿಗೆ ಹೊರಡುವ ಮುನ್ನಿನ ವಾರ, ಮಧ್ಯಾಹ್ನದ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ನನ್ನ ಬಳಿ ಬಂದು ಕುಳಿತು ಕೇಳಿದಳು: "ಅಜ್ಜಾ, ಅಲ್ಲಿ ಹಾಸ್ಟೆಲಿನ್ಯಾಗ ನಾ ದಿನಾ ಲಿಂಗಪೂಜಿ ಮಾಡಬೇಕೇನು? ನೀ ಮಾಡು ಅಂದ್ರ ಮಾಡ್ತೀನಿ. ಆದ್ರ ನನಗ ಅನಿಸಿದಾಗ ಅಷ್ಟ ಮಾಡಿದ್ರ ನಡೀತೈತೋ ಇಲ್ಲೋ?"

ಆಕೆಯ ಅಜ್ಜಿ, ಇದೇನು ಕೇಳುವ ಮಾತೇ ಎಂದು ಒಳಗಿನಿಂದಲೇ ಗದರಿಸಿದಳು. ನನ್ನ ಮಗನು ವೃತ್ತಪತ್ರಿಕೆಯಿಂದ ತಲೆಯೆತ್ತಲಿಲ್ಲ.

ಭಕ್ತ ಬಂಧುಗಳು ಈ ಪ್ರಶ್ನೆಯನ್ನು ಹಗುರವಾಗಿ ಎಣಿಸಬಾರದಾಗಿ ವಿಜ್ಞಾಪನೆ. ಇದು ಸೋಮಾರಿತನದ ಪ್ರಶ್ನೆಯಾಗಿದ್ದರೆ ಆಕೆ ಕೇಳುತ್ತಲೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಬಿಟ್ಟುಬಿಡುತ್ತಿದ್ದಳು, ನಮಗೆ ತಿಳಿಯುತ್ತಲೂ ಇರಲಿಲ್ಲ. ಕೇಳಿದಳೆಂಬುದೇ ಆ ವಿಷಯದಲ್ಲಿ ಆಕೆಗಿರುವ ಗೌರವಕ್ಕೆ ಸಾಕ್ಷಿ. ನಾನು 'ಮಾಡಲೇಬೇಕು' ಎಂದಿದ್ದರೆ ಆಕೆ ಮಾಡುತ್ತಿದ್ದಳು. ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆಗ ಆಕೆಯ ಕರಸ್ಥಲದಲ್ಲಿ ಕುಳಿತಿರುತ್ತಿದ್ದುದು ಲಿಂಗವೋ, ಅಜ್ಜನ ಮಾತೋ? ಅಜ್ಜನ ಮಾತನ್ನು ಪೂಜಿಸುವುದು ಸದ್ಗುಣವೇ ಇರಬಹುದು, ಲಿಂಗಪೂಜೆ ಅದಾಗಲಾರದು. ಅಜ್ಜನು ಇಲ್ಲವಾದ ದಿನ ಆ ಪೂಜೆಯೂ ಇಲ್ಲವಾಗುತ್ತದೆ. ಇನ್ನು, 'ನಿನ್ನ ಇಷ್ಟ, ಹೇಗೆ ಬೇಕೋ ಹಾಗೆ ಮಾಡು' ಎಂದು ಕೈತೊಳೆದುಕೊಳ್ಳುವುದು ಉದಾರತೆಯಂತೆ ತೋರುತ್ತದೆ. ವಾಸ್ತವವಾಗಿ ಅದು ಔದಾಸೀನ್ಯ. ನನಗೆ ಬೆಲೆಯುಳ್ಳದ್ದೆಂದು ಅರವತ್ತು ವರ್ಷ ಹಿಡಿದುಕೊಂಡು ಬಂದುದನ್ನು, ಮೊಮ್ಮಗಳ ವಿಷಯ ಬಂದಾಗ ಬೆಲೆಯಿಲ್ಲದ್ದೆಂಬಂತೆ ಆಡುವುದು ಸತ್ಯವಾಗುತ್ತದೆಯೇ?

ಇಲ್ಲಿ ನಮಗೊಂದು ಧರ್ಮಸಂಕಟವುಂಟು. ನಾವು ಯಾರ ಹೆಸರನ್ನು ಹೇಳಿ ನಮ್ಮ ಮಕ್ಕಳಿಂದ ವಿಧೇಯತೆಯನ್ನು ಬೇಡುತ್ತೇವೆಯೋ ಆ ಮಹಾನುಭಾವರೇ ಯೌವನದಲ್ಲಿ ಮನೆಯವರ ಮಾತನ್ನು ಮೀರಿದವರು. ಅಕ್ಕಮಹಾದೇವಿಯವರು ಉಡುತಡಿಯನ್ನು ಬಿಟ್ಟು ಹೊರಟಾಗ ನಮ್ಮ ಮೊಮ್ಮಕ್ಕಳ ಪ್ರಾಯದವರೇ ಇದ್ದಿರಬೇಕು. ಬಸವಣ್ಣನವರು ಜನಿವಾರವನ್ನು ತೊರೆದು ಬಾಗೇವಾಡಿಯಿಂದ ಕೂಡಲಸಂಗಮಕ್ಕೆ ನಡೆದುದು ಎಳೆಯ ವಯಸ್ಸಿನಲ್ಲಿಯೇ. ಪಾಲ್ಕುರಿಕೆ ಸೋಮನಾಥನೂ, ಅವನನ್ನು ಅನುಸರಿಸಿ 1369ರಲ್ಲಿ ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿದ ಭೀಮಕವಿಯೂ ಆ ಸಂದರ್ಭದಲ್ಲಿ ತಂದೆಯನ್ನು ಎದುರಿಗೆ ನಿಲ್ಲಿಸಿದ್ದಾರೆ; ಉಪನಯನ ಬೇಡವೆಂದು ಬಾಲಕನು ತಂದೆಯೊಡನೆಯೇ ವಾದ ಮಾಡುತ್ತಾನೆ. ಅವರಿಗಿಂತ ಹಿಂದಿನವನಾದ ಹರಿಹರನಾದರೋ ಬೇರೆಯಾಗಿ ಹೇಳುತ್ತಾನೆ. ಅವನ ಬಸವರಾಜದೇವರ ರಗಳೆಯಲ್ಲಿ ತಂದೆತಾಯಿಗಳು ಮೊದಲೇ ಲಿಂಗೈಕ್ಯರಾಗಿರುತ್ತಾರೆ. ಮಗುವನ್ನು ಸಲಹಿದವಳು ಮನೆಯ ಮುತ್ತವ್ವೆ.

ಈ ಮುತ್ತವ್ವೆಯ ಮೇಲೆ ನನ್ನ ಮನಸ್ಸು ಇತ್ತೀಚೆಗೆ ಪದೇ ಪದೇ ಹೋಗಿ ನಿಲ್ಲುತ್ತದೆ. ಪುರಾಣಪ್ರವಚನಗಳಲ್ಲಿ ಆಕೆಯ ಮಾತು ಬರುವುದೇ ಅಪರೂಪ. ಕಥೆ ಸಂಗಮದತ್ತ ಹೊರಟೊಡನೆ ನಾವೂ ಬಸವಣ್ಣನವರ ಬೆನ್ನ ಹಿಂದೆ ಹೊರಟುಬಿಡುತ್ತೇವೆ. ಮುದುಕಿ ಬಾಗೇವಾಡಿಯ ಮನೆಯಲ್ಲಿ ಉಳಿದುಬಿಡುತ್ತಾಳೆ. ತಂದೆತಾಯಿಯಿಲ್ಲದ ಕೂಸಿಗೆ ಉಣಿಸಿ, ಉಡಿಸಿ, ಜ್ವರ ಬಂದಾಗ ರಾತ್ರಿ ಕುಳಿತು ಬೆಳಗು ಮಾಡಿರಬೇಕು ಆಕೆ. ಅಂತಹ ಮಗು ಮನೆತನದ ಆಚಾರವನ್ನು ಹರಿದು ಹಾಕಿ ಹೊರಟು ನಿಂತಾಗ ಆಕೆಗೆ ಏನೆನಿಸಿತು? ಊರಿನವರು ಆಕೆಯನ್ನು ಏನೆಂದು ಆಡಿಕೊಂಡರು? ಬೆಳೆಸಿದ ರೀತಿಯೇ ಸರಿಯಿಲ್ಲವೆಂದು ಅಂದಿರಲಿಕ್ಕಿಲ್ಲವೇ? ಇವೆಲ್ಲ ನನ್ನ ಊಹೆಗಳು. ಆದರೆ ಮೊಮ್ಮಕ್ಕಳನ್ನು ಸಾಕಿದ ಯಾವ ಮುದುಕರಿಗೂ ಈ ಊಹೆ ಕಷ್ಟವಾಗಲಾರದು. ಕಲ್ಯಾಣದಲ್ಲಿ ಮುಂದೆ ನಡೆದುದನ್ನು ನಾವು ಬಲ್ಲೆವು. ಆ ದಿನ ಆಕೆ ಅದೇನನ್ನೂ ಬಲ್ಲವಳಾಗಿರಲಿಲ್ಲ. ಮೊಮ್ಮಗುವೊಂದು ಮನೆಬಿಟ್ಟು ಹೋಗುವಾಗ ಅದು ಸಂಗಮಕ್ಕೆ ಹೋಗುತ್ತಿದೆಯೋ, ಹಾಳಾಗಲು ಹೋಗುತ್ತಿದೆಯೋ ಎಂಬುದು ಹೊಸ್ತಿಲಲ್ಲಿ ನಿಂತವರಿಗೆ ತಿಳಿಯುವುದಿಲ್ಲ.

ಹೀಗೆಂದು ನಮ್ಮ ಮೊಮ್ಮಕ್ಕಳನ್ನೆಲ್ಲ ಬಸವಣ್ಣನವರಿಗೆ ಹೋಲಿಸುವುದು ಅತಿರೇಕವಾದೀತು. ಅವರು ಬೇರೊಂದು ಆಚಾರದಲ್ಲಿ ಹುಟ್ಟಿ ಇದನ್ನು ಅರಸಿಕೊಂಡು ಬಂದವರು. ನಮ್ಮ ಮಕ್ಕಳಾದರೋ ಇದರಲ್ಲಿಯೇ ಹುಟ್ಟಿದವರು. ಅವರ ಸ್ಥಿತಿಗೆ ಹೆಚ್ಚು ಸಮೀಪದವರು ಚೆನ್ನಬಸವಣ್ಣನವರು. ಅಕ್ಕನಾಗಮ್ಮನವರ ಉದರದಲ್ಲಿ ಜನಿಸಿ, ಬಸವಣ್ಣನವರ ಸೋದರಳಿಯನಾಗಿ, ಮಹಾಮನೆಯ ಅಂಗಳದಲ್ಲಿಯೇ ಆಡಿ ಬೆಳೆದವರಿಗೆ ಅರಸುವ ಶ್ರಮ ಇರಲಿಲ್ಲ. ಶ್ರಮವಿಲ್ಲದೆ ದೊರೆತುದು ತನ್ನದಾಗುವುದು ಎಷ್ಟು ಕಷ್ಟವೆಂಬುದನ್ನು ಹಿರಿಯರ ಆಸ್ತಿಯನ್ನು ಪಡೆದವರನ್ನು ನೋಡಿ ಅರಿಯಬಹುದು. ಆದರೆ ಚೆನ್ನಬಸವಣ್ಣನವರು ಅದನ್ನು ತಮ್ಮದಾಗಿ ಮಾಡಿಕೊಂಡ ಪರಿ ಅದ್ಭುತ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳನ್ನು ಕಟ್ಟಿಸಿ ಲೋಕವಿಖ್ಯಾತರಾಗಿದ್ದ ಸಿದ್ಧರಾಮರು ಕಲ್ಯಾಣಕ್ಕೆ ಬಂದಾಗ ಅವರಿಗೆ ಇಷ್ಟಲಿಂಗ ದೀಕ್ಷೆಯನ್ನು ಅನುಗ್ರಹಿಸಿದವರು, ಪ್ರಾಯದಲ್ಲಿ ಅವರಿಗಿಂತ ಕಿರಿಯರಾದ ಈ ಚೆನ್ನಬಸವಣ್ಣನವರೇ ಎಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಬಸವಣ್ಣನವರು ಅಲ್ಲಿಯೇ ಇದ್ದರು, ಅಲ್ಲಮಪ್ರಭುಗಳೂ ಇದ್ದರು. ಹಿರಿಯರೆಲ್ಲ ಪಕ್ಕಕ್ಕೆ ಸರಿದು ಸ್ಥಳ ಕೊಟ್ಟರು. ಆ ಪ್ರಸಂಗವನ್ನು ಓದುವಾಗಲೆಲ್ಲ ಕಿರಿಯರ ಜ್ಞಾನವನ್ನು ಕೊಂಡಾಡುತ್ತೇವೆ. ಸರಿದು ಕುಳಿತ ಹಿರಿಯರನ್ನು ಗಮನಿಸುವುದಿಲ್ಲ.

ಚೆನ್ನಬಸವಣ್ಣನವರ ಹೆಸರು ಬಂದುದರಿಂದ ಉಳವಿಯ ಮಾತನ್ನು ಆಡದೆ ಮುಂದೆ ಹೋಗಲಾರೆ. ಕಲ್ಯಾಣದ ವಿಪ್ಲವದ ಮೇಲೆ ಶರಣರನ್ನು ಕರೆದುಕೊಂಡು ಅವರು ಐಕ್ಯರಾದ ಕ್ಷೇತ್ರವದು. ಧಾರವಾಡ ಬೆಳಗಾವಿ ಸೀಮೆಯ ಭಕ್ತರು ಮಾಘಮಾಸದಲ್ಲಿ ಅಲ್ಲಿಗೆ ಚಕ್ಕಡಿ ಕಟ್ಟಿಕೊಂಡು ಹೋಗುವುದು ಇಂದಿಗೂ ನಿಂತಿಲ್ಲ. ನನ್ನ ಹದಿನೆಂಟನೆಯ ವಯಸ್ಸಿನಲ್ಲಿ ನಾನು ನನ್ನ ಅಜ್ಜನೊಡನೆ ಹೋಗಿದ್ದೆ. ಕಟಕರೊಟ್ಟಿ, ಶೇಂಗಾಚಟ್ನಿ, ಮಾದಲಿಗಳನ್ನು ಗಂಟು ಕಟ್ಟಿಕೊಂಡು ಹಳಿಯಾಳ, ದಾಂಡೇಲಿಯ ಹಾದಿಯಾಗಿ ಅಡವಿಯನ್ನು ಹೊಕ್ಕೆವು. ಅಂದು ಇದ್ದ ಸೂಪಾ ಎಂಬ ಊರು ಇಂದು ಕಾಳೀನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಡಿಯಲ್ಲಿದೆ. ನಾವು ಹುಡುಗರು ಹೊರಟುದು ಭಕ್ತಿಯಿಂದಲೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಡವಿಯನ್ನು ನೋಡಬೇಕು, ಎತ್ತುಗಳ ಓಟದಲ್ಲಿ ಮುಂದಿನ ಚಕ್ಕಡಿಯನ್ನು ಹಿಂದೆ ಹಾಕಬೇಕು, ಇವೇ ನಮ್ಮ ಸಂಕಲ್ಪಗಳು. ಇದು ನನ್ನ ಅಜ್ಜನಿಗೆ ತಿಳಿಯದುದೇನಲ್ಲ. ಅವನು ಉಪದೇಶ ಮಾಡಲಿಲ್ಲ. ಎರಡು ದಿನ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಎತ್ತು ಕಿವಿ ನಿಗುರಿಸಿದರೆ ಏನರ್ಥ, ಇಳಿಜಾರಿನಲ್ಲಿ ಹಗ್ಗವನ್ನು ಎಷ್ಟು ಬಿಗಿಯಬೇಕು ಎಂದು ತೋರಿಸಿದನು. ಮೂರನೆಯ ರಾತ್ರಿ, ಹಾದಿ ಎಲ್ಲಿ ಕಡಿದಾಗಿ ಇಳಿಯುತ್ತದೆಯೋ ಅಲ್ಲಿಯೇ, ಹಗ್ಗವನ್ನೂ ಬಾರುಕೋಲನ್ನೂ ನನ್ನ ಕೈಗೆ ಕೊಟ್ಟು ಹಿಂದಕ್ಕೆ ಸರಿದು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದನು. ಅವನಿಗೆ ನಿದ್ದೆ ಬಂದಿತ್ತೋ ಇಲ್ಲವೋ ನಾನರಿಯೆ. ಗಾಲಿ ಕಲ್ಲಿಗೆ ತಾಗಿ ಚಕ್ಕಡಿ ಒಂದೆರಡು ಬಾರಿ ವಾಲಿದಾಗಲೂ ಕಂಬಳಿ ಅಲುಗಲಿಲ್ಲ. ಅಂದು ನಾನು ಚಕ್ಕಡಿ ಹೊಡೆದುದನ್ನೇ ದೊಡ್ಡ ಸಾಹಸವೆಂದು ಹೇಳಿಕೊಂಡು ತಿರುಗುತ್ತಿದ್ದೆ. ಅವನ ವಯಸ್ಸಿಗೆ ಬಂದ ಮೇಲೆ ತಿಳಿಯುತ್ತದೆ, ಆ ಕಂಬಳಿಯ ಕೆಳಗೆ ಅಲುಗದೆ ಮಲಗಿದುದೇ ಹೆಚ್ಚು ಕಠಿಣವಾದ ಕೆಲಸವೆಂದು.

ಹಾಗಾದರೆ ಮಕ್ಕಳನ್ನು ಮನಬಂದಂತೆ ಬಿಟ್ಟುಬಿಡಬೇಕೇ ಎಂದು ಕೆಲವರು ಕೇಳಿಯಾರು. ಪಟ್ಟಣಗಳಲ್ಲಿ ಇಂದು ಎಂತೆಂತಹ ಸೆಳೆತಗಳಿವೆ, ಅಂಗೈಯಲ್ಲಿ ಲಿಂಗ ಕೂಡಬೇಕಾದ ಕಡೆ ಮೊಬೈಲು ಕೂತಿದೆ ಎಂದು ಗೊಣಗುವವರು ನಮ್ಮ ವಯಸ್ಸಿನವರಲ್ಲಿ ಬಹಳ. ಮೊಬೈಲು ನಮ್ಮ ಅಂಗೈಯಲ್ಲಿಯೂ ಕೂತಿದೆಯೆಂಬುದು ಬೇರೆಯ ಮಾತು. ನನ್ನ ಅಜ್ಜನು ಚಕ್ಕಡಿಯಿಂದ ಇಳಿದು ಹೋಗಿರಲಿಲ್ಲ ಎಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು. ಉರುಳಿದ್ದರೆ ಇಬ್ಬರೂ ಉರುಳುತ್ತಿದ್ದೆವು. ಬಿಟ್ಟುಕೊಡುವುದಕ್ಕೂ ಬಿಟ್ಟುಹೋಗುವುದಕ್ಕೂ ಇರುವ ವ್ಯತ್ಯಾಸ ಇದೇ.

ಮತ್ತೊಂದು ನಿದರ್ಶನವನ್ನು ಶೂನ್ಯಸಂಪಾದನೆಯಲ್ಲಿಯೇ ಕಾಣಬಹುದು. ಮಹಾದೇವಿಯಕ್ಕನವರು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವರನ್ನು ಒಡನೆಯೇ ಹೊಗಳಲಿಲ್ಲ, ಹಿಂದಕ್ಕೆ ಹೋಗೆಂದೂ ಹೇಳಲಿಲ್ಲ. ಪ್ರಶ್ನೆಗಳನ್ನು ಕೇಳಿದರು. ಕೇಳಿದ ಪ್ರಶ್ನೆಗಳು ಮೃದುವಾದುವಲ್ಲ. ನಮ್ಮಂತಹವರಾದರೆ ಕೇಳಲು ನಾಚುತ್ತಿದ್ದೆವು. ಉತ್ತರವನ್ನು ಮಾತ್ರ ತಾವು ಹೇಳಿಕೊಡಲಿಲ್ಲ. ಆ ತರುಣಿ ತನ್ನ ಅನುಭವದಿಂದ ತಾನೇ ಉತ್ತರಿಸಿದಳು, ಮಹಾಸಭೆ ತಲೆಬಾಗಿತು. ನಾವು ಇದಕ್ಕೆ ವಿಪರೀತವಾಗಿ ನಡೆಯುತ್ತೇವೆ. ಮಕ್ಕಳಿಗೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರಗಳನ್ನು ಬಾಯಿಪಾಠ ಮಾಡಿಸಿಬಿಡುತ್ತೇವೆ; ಪ್ರಶ್ನೆ ಹುಟ್ಟಿದ ದಿನ ಬಾಯಿ ಮುಚ್ಚು ಎನ್ನುತ್ತೇವೆ.

ಆದುದರಿಂದ ಮೊಮ್ಮಗಳಿಗೆ ನಾನೂ ಒಂದು ಪ್ರಶ್ನೆಯನ್ನೇ ಕೊಟ್ಟೆ: "ಅನಸೂದು ಅಂದ್ರ ಏನವ್ವಾ? ಪರೀಕ್ಷಾ ಹತ್ತರ ಬಂದಾಗ ಅನಸೂದೋ, ಎದಿಯಾಗ ಸಮಾಧಾನ ಇದ್ದಾಗ ಅನಸೂದೋ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ವಿಚಾರ ಮಾಡಿ ಹೇಳ್ತೀನಿ" ಎಂದಳು. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಅಜ್ಜಾ, ನಿನಗ ಯಾವಾಗ ಅನಸ್ತೈತಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಆಕೆ ಬೆಂಗಳೂರಿನಲ್ಲಿ ಏನು ಮಾಡುತ್ತಾಳೆಂದು ನಾನು ಕೇಳಿಲ್ಲ. ಬಿಟ್ಟುಬಿಡುವ ಸಂಭವವೂ ಉಂಟೆಂಬುದನ್ನು ಬಲ್ಲೆ. ಅದನ್ನು ನೆನೆದಾಗ ನೋವಾಗುವುದೂ ಉಂಟು. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುತ್ತಿದ್ದಾಗ ಲಿಂಗ ಜಾರಿ ಬಿದ್ದರೂ ಎತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸಿದರೆಂದೂ, ಲಿಂಗವೇ ಅವರನ್ನು ಅರಸಿಕೊಂಡು ಬಂದಿತೆಂದೂ ಪ್ರತೀತಿ. ಇದನ್ನು ಮೈಗಳ್ಳರಿಗೆ ರಿಯಾಯಿತಿಯಾಗಿ ಹೇಳಬಾರದು. ಚಂದಯ್ಯನವರ ಕಾಯಕನಿಷ್ಠೆ ಇದ್ದವರಿಗೆ ಆ ಕಥೆ ಸಲ್ಲುತ್ತದೆ. ಆದರೂ ರಾತ್ರಿ ನಿದ್ದೆ ಬಾರದಿದ್ದಾಗ ಮುದುಕನಾದ ನನಗೆ ಅದು ಧೈರ್ಯವನ್ನು ಕೊಡುತ್ತದೆಂಬುದನ್ನು ಏಕೆ ಮರೆಮಾಚಲಿ?

ಮುಪ್ಪು ಬಂದು ದೇಹ ಕುಗ್ಗುವುದಕ್ಕೆ ಮೊದಲೇ ಶಿವನನ್ನು ಪೂಜಿಸಬೇಕೆಂಬ ಬಸವಣ್ಣನವರ ವಚನವನ್ನು ಅರಿಯದ ಲಿಂಗವಂತರಿಲ್ಲ. ತರುಣರನ್ನು ಎಚ್ಚರಿಸುವುದಕ್ಕೆ ನಾವು ಅದನ್ನು ಬಾರುಕೋಲಿನಂತೆ ಬಳಸುತ್ತೇವೆ. ಹದಿನೆಂಟರಲ್ಲಿ ಅದನ್ನು ಕೇಳಿದಾಗ ಮುಪ್ಪು ಎಂಬುದು ಬೇರೆ ಯಾರಿಗೋ ಬರುವಂತಹದೆಂದು ನನಗೆ ತೋರುತ್ತಿದ್ದಿತು. ಈಗ ಅದರಲ್ಲಿ ವರ್ಣಿತವಾದ ಗುರುತುಗಳೆಲ್ಲ ನನ್ನ ಮೈಮೇಲೆಯೇ ಇವೆ, ಕನ್ನಡಿ ಬೇಕಾಗಿಲ್ಲ. ಹಾಗಾದರೆ ಅಷ್ಟರೊಳಗೆ ಪೂಜಿಸೆಂದ ಆ ಅವಧಿ ಮುಗಿದ ಮೇಲೆ ಮುದುಕನಿಗೆ ಉಳಿದುದೇನು? ಅರ್ಪಿಸುವುದಕ್ಕೆ ಏನಾದರೂ ಬಲವಾದುದು ಬೇಕಲ್ಲವೇ? ತರುಣರ ಬಳಿ ರಟ್ಟೆಯ ಬಲವಿದೆ, ಕಣ್ಣಿನ ತೇಜಸ್ಸಿದೆ. ನಮ್ಮ ರಟ್ಟೆ ಸೋತಿದೆ, ಕಣ್ಣಿಗೆ ಪೊರೆ ಬಂದಿದೆ, ಲಿಂಗ ಹಿಡಿದ ಅಂಗೈ ನಡುಗುತ್ತದೆ. ಬಹಳ ಯೋಚಿಸಿದ ಮೇಲೆ ಹೊಳೆದುದು ಇಷ್ಟು: ಮುದುಕರಲ್ಲಿ ಕೊನೆಯತನಕ ಬಲ ಕುಂದದೆ ಉಳಿಯುವುದು ಮನೆಯಲ್ಲಿ ಅವರ ಮಾತೊಂದೇ. ಮಗ ಸೊಸೆಯರು ಒಳಗೊಳಗೆ ಒಪ್ಪದಿದ್ದರೂ ಮೀರಲಾರರು. ಮೊಮ್ಮಗಳು 'ನೀ ಮಾಡು ಅಂದ್ರ ಮಾಡ್ತೀನಿ' ಎನ್ನುತ್ತಾಳೆ. ಇದಕ್ಕಿಂತ ದೊಡ್ಡ ಸಂಪತ್ತು ನಮ್ಮ ಬಳಿ ಬೇರೊಂದಿಲ್ಲ. ಧನವನ್ನು ದಾಸೋಹಕ್ಕೆ ಸವೆಸಿದವರು ನಮ್ಮಲ್ಲಿ ಎಷ್ಟೋ ಜನ ಉಂಟು. ಈ ಮಾತಿನ ಅಧಿಕಾರವನ್ನು ಸವೆಸಿದವರು ಅಷ್ಟು ಜನ ಕಾಣಿಸುವುದಿಲ್ಲ.

ಇದು ಒಂದು ಸಾರಿ ಅರ್ಪಿಸಿ ಮುಗಿಸುವಂತಹದೂ ಅಲ್ಲ. ಕಳೆದ ವಾರ ಮೊಮ್ಮಗಳು ಫೋನಿನಲ್ಲಿ, ಈ ರಜೆಗೆ ಊರಿಗೆ ಬರುವುದಿಲ್ಲವೆಂದೂ ಗೆಳತಿಯರೊಡನೆ ಹಂಪಿಗೆ ಹೋಗುವುದಾಗಿಯೂ ತಿಳಿಸಿದಳು. ತುದಿನಾಲಗೆಗೆ ಬಂದ ಮಾತನ್ನು ನಾನು ತಡೆಹಿಡಿದೆ. ಬಿಸಿಲು ಬಹಳ, ನೀರಿನ ಬಾಟಲಿ ಇಟ್ಟುಕೋ ಎಂದಷ್ಟೇ ಅಂದೆ. ಆಕೆಯ ಅಜ್ಜಿ ನನ್ನ ಕೈಯಿಂದ ಫೋನನ್ನು ತೆಗೆದುಕೊಂಡು, ನಾನು ತಡೆಹಿಡಿದುದನ್ನೆಲ್ಲ ಒಂದಕ್ಷರವೂ ಬಿಡದೆ ಆಡಿ ಮುಗಿಸಿದಳು.